ನಮ್ಮ ಸರ್ ಬೈಗುಳ, ಡ್ಯಾಮಿನ ಟೀಚರ್ ರಿಬ್ಬನ್

ಇವತ್ತು ಕಿರಿಮಗಳ ಖೋಖೋ ಪಂದ್ಯ ನೋಡಲು ಹೊಸಪೇಟೆಗೆ ಹೋಗಿದ್ದೆ. ಮೈದಾನಕ್ಕೆ ಗೆರೆ ಹಾಕುವ ಸುಣ್ಣದ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಎರಡು ಜಡೆಯ ಹುಡುಗಿಯಾದೆ.

ಆಗ ಶಾಲೆಯ ಖೋಖೋ ಪಂದ್ಯಕ್ಕೆ ಇದೇ ಹೊಸಪೇಟೆಗೆ ಬಂದಿದ್ದೆವು; ಕಂಪ್ಲಿ ಕಡೆಯ ನಮ್ಮ ಹಳ್ಳಿಯಿಂದ ಹುಡುಗಿಯರು ಹೊರಗೆ ಆಡಲು ಹೋದದ್ದು ಅದೇ ಮೊದಲು. ಸೋತರೆ ಅಪ್ಪಂದಿರು ಮತ್ತೆ ಕಳಿಸುತ್ತಿರಲಿಲ್ಲ. ನಮ್ಮ ಪಿ.ಟಿ. ಸರ್ ಹುರಿದುಂಬಿಸುವುದೆಂದರೆ ಬೈಯುವುದು. "ಲೇ ಎಮ್ಮಿಗಳಾ, ಸೋತ್ರ ಬಸ್ ಇಲ್ಲ, ನಡ್ಕೊಂತ ಊರಿಗೆ ಹೋಗ್ರಿ!" ಎದುರಿಗಿದ್ದದ್ದು ಟಿ.ಬಿ. ಡ್ಯಾಂ ಕಡೆಯ ಶಾಲೆ. ಅವರ ಟೀಚರ್ ಒಬ್ಬೊಬ್ಬಳ ಜಡೆಗೂ ರಿಬ್ಬನ್ ಬಿಗಿದು, "ಉಂಡಿ ಏನವಾ?" ಎಂದು ಕೇಳುತ್ತಿದ್ದರು. ನನಗೆ ಹೊಟ್ಟೆಕಿಚ್ಚು.

ಆಟದ ನಡುವೆ ನನ್ನ ಜಡೆ ಬಿಚ್ಚಿ ಕೂದಲು ಕಣ್ಣಿಗೆ ಬಿತ್ತು. ವಿರಾಮದಲ್ಲಿ ಆ ಟೀಚರೇ ಬಂದು, "ಕಣ್ ಕಾಣ್ಲಾರದ ಹೆಂಗ ಓಡ್ತೀಯವಾ?" ಎಂದು ತಮ್ಮ ರಿಬ್ಬನ್ ಕಟ್ಟಿದರು. ಕೊನೆಗೆ ಅವರ ತಂಡದ ಹುಡುಗಿಯನ್ನು ಮುಟ್ಟಿ ಔಟ್ ಮಾಡಿದವಳು ನಾನೇ! ಹನುಮಪ್ಪನ ದಯೆ, ಗೆದ್ದೆವು.

ಮುಂದಿನ ಪಂದ್ಯಕ್ಕೆ ನಮ್ಮ ಸರ್ ರಿಬ್ಬನ್ ಸುರುಳಿ ತಂದು ಎಸೆದರು. "ಜಡಿ ಕಟ್ಕೊಳ್ರಿ, ಎಮ್ಮಿಗಳಾ!"

ಇವತ್ತು ಹೆದರಿ ನಿಂತಿದ್ದ ಮಗಳ ಜಡೆಯನ್ನು ಬಿಗಿಯಾಗಿ ಕಟ್ಟಿ, "ಸೋತ್ರ ನಡ್ಕೊಂತ ಬಾ ಮನಿಗೆ" ಎಂದೆ. ಕಿಸಕ್ಕನೆ ನಕ್ಕು ಮೈದಾನಕ್ಕೆ ಓಡಿದಳು.