ರ‍್ಯಾಂಪಿನ ಮೇಲೊಂದು ಸನ್ಮಾನ

ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿಗೆ ಬಂದ ಮೊದಲ ಬೆಳಗ್ಗೆ ಇಬ್ಬರು ಸೆಕ್ಯೂರಿಟಿಯವರು ನನ್ನನ್ನು ಗಾಲಿಕುರ್ಚಿ ಸಮೇತ ಎತ್ತಿ ಮೆಟ್ಟಿಲು ಇಳಿಸಿದರು. ಎತ್ತಬಹುದೇ ಎಂದು ಕೇಳಲಿಲ್ಲ. ಪಕ್ಕದಲ್ಲೇ ರ‍್ಯಾಂಪ್ ಇತ್ತು. ಸ್ವೀಡನ್ನಿನಲ್ಲಿ ಇದ್ದಷ್ಟು ವರ್ಷ ಒಬ್ಬರೂ ಕೇಳದೆ ನನ್ನ ಕುರ್ಚಿ ಮುಟ್ಟಿರಲಿಲ್ಲ.

ದಾವಣಗೆರೆಯ ನೆಂಟರು ಫೋನ್ ಮಾಡಿದಾಗಲೆಲ್ಲ, "ಅಂಥ ದೇಶ ಬಿಟ್ಟು ಯಾಕ್ ಬಂದೆವ್ವ?" ಎನ್ನುತ್ತಾರೆ. ನಿಮಗೂ ಹೇಳಿಬಿಡುತ್ತೇನೆ. ಅಲ್ಲಿ ನನಗೊಬ್ಬಳು ಅಸಿಸ್ಟೆಂಟ್ ಇದ್ದಳು. ಅಲ್ಲಿನ ಅರ್ಥದಲ್ಲಿ, ಸ್ನಾನ ಮಾಡಿಸಿ, ಬಟ್ಟೆ ತೊಡಿಸಿ, ಆಫೀಸಿಗೆ ಹೊರಡಿಸಲು ಸರ್ಕಾರದ ಖರ್ಚಿನಲ್ಲಿ ಬರುವವಳು. ಅದು ಹಕ್ಕು, ದಯೆಯಲ್ಲ. ಆಮೇಲೆ ನಿಯಮ ಬಿಗಿಯಾಯಿತು. ನಗುಮುಖದ ಅಧಿಕಾರಿಣಿಯೊಬ್ಬಳು ಮನೆಗೆ ಬಂದು, ಚಮಚವನ್ನು ಬಾಯಿಯವರೆಗೆ ನೀವೇ ಎತ್ತುತ್ತೀರಾ ಎಂದಳು. ಎತ್ತುತ್ತೇನೆ ಎಂದೆ. ಚಮಚ ಎತ್ತುವವಳು ಸೀರೆಯನ್ನೂ ತಾನೇ ಉಟ್ಟುಕೊಳ್ಳಲಿ ಎಂಬ ಘನ ತರ್ಕದಲ್ಲಿ ಅಸಿಸ್ಟೆಂಟ್ ಬರುವ ಹೊತ್ತು ಅರ್ಧಕ್ಕಿಳಿಯಿತು. ಹೊತ್ತಿಗೆ ಸರಿಯಾಗಿ ಆಫೀಸು ಮುಟ್ಟಲಾಗದೆ ನೌಕರಿ ಬಿಟ್ಟು ಇಲ್ಲಿ ಅಕ್ಕನ ಮನೆಗೆ ಬಂದೆ. ಈಗ ಬಟ್ಟೆ ತೊಡಿಸುವವಳು ಅವಳೇ.

ನಮ್ಮ ಸರ್ಕಾರದವರು ಹಾಗೆ ಕಡಿತ ಮಾಡುವವರಲ್ಲ. ಅಂಥ ಸಹಾಯಕಿಯನ್ನು ಕೊಟ್ಟಿದ್ದರೆ ತಾನೆ ಕಡಿತ? ನಮ್ಮಲ್ಲಿ ಬದಲಾಗುವುದು ಹೆಸರು. ಊರು ಬಿಟ್ಟಾಗ ನಾನು ಅಂಗವಿಕಲೆ. ಮರಳುವಷ್ಟರಲ್ಲಿ ವಿಕಲಚೇತನವನ್ನೂ ದಾಟಿ ದಿವ್ಯಾಂಗಕ್ಕೆ ಬಡ್ತಿ ಸಿಕ್ಕಿತ್ತು. ಕಾಲುಗಳು ಮಾತ್ರ ಅವೇ.

ಆದರೂ ಸಂಜೆ ರ‍್ಯಾಂಪಿನಲ್ಲಿ ಒಬ್ಬಳೇ ಇಳಿದು, ಗೇಟಿನಾಚೆ ಎಳನೀರಿನ ಗಾಡಿಯವರೆಗೆ ಹೋಗುವುದನ್ನು ಸಾಧಿಸಿಕೊಂಡಿದ್ದೆ. ಇಡೀ ದಿನದಲ್ಲಿ ನನ್ನದೆನ್ನುವ ಹೊತ್ತು ಅದೊಂದೇ.

ಅಂಗವಿಕಲರ ದಿನ ಬಂತು. ಅಪಾರ್ಟ್‌ಮೆಂಟ್ ಸಂಘದವರು ನನಗೆ ಸನ್ಮಾನ ಇಟ್ಟುಕೊಂಡರು. ವೇದಿಕೆ ಕಟ್ಟಿದ್ದು ಆ ರ‍್ಯಾಂಪಿನ ಮೇಲೆ.

"ಇಲ್ಲೇ ಯಾಕ್ ಕಟ್ಟಿದ್ರಿ ಸಾರ್?" ಎಂದು ಕಾರ್ಯದರ್ಶಿಯನ್ನು ಕೇಳಿದೆ.

"ಈ ಜಾಗ ಯಾರೂ ಯೂಸ್ ಮಾಡಲ್ಲ ಮೇಡಂ. ನೀವು ಟೆನ್ಶನ್ ಮಾಡ್ಕೋಬೇಡಿ, ಸೆಕ್ಯೂರಿಟಿಯವ್ರು ಎತ್ತಿಬಿಡ್ತಾರೆ."

ಎತ್ತಿದರು. ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟರು. ನನ್ನ ಆತ್ಮಸ್ಥೈರ್ಯದ ಬಗ್ಗೆ ಕಾರ್ಯದರ್ಶಿ ಭಾಷಣ ಬಿಗಿದರು. ಆಮೇಲೆ ಮೈಕನ್ನು ನನ್ನ ಕೈಗೆ ಕೊಟ್ಟರು.

"ಎತ್ತೋರು ಇಲ್ಲೇ ಇದಾರಲ್ಲ, ಹಂಗೇ ನನ್ನ ಗೇಟ್ ಆಚೆ ಬಿಟ್ಬಿಡಿ," ಎಂದೆ.

ಜನ ತಮಾಷೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ಸೆಕ್ಯೂರಿಟಿಯವರು ಮಾತ್ರ ನಿಜಕ್ಕೂ ಎತ್ತಿ ಆಚೆ ಇಳಿಸಿ, ಊಟಕ್ಕೆ ಓಡಿದರು.

ತಲೆಯ ಮೇಲಿನ ಪೇಟದ ಸಮೇತ ಗಾಡಿಯ ಬಳಿ ಕೂತೆ. ಎಳನೀರಿನವನು ಒಮ್ಮೆ ನನ್ನನ್ನು, ಒಮ್ಮೆ ಒಳಗಿನ ವೇದಿಕೆಯನ್ನು ನೋಡಿದ.

"ವಾಪಸ್ ಒಳಗೆ ಹೆಂಗೆ ಹೋಗ್ತೀರಕ್ಕ?"

ಸ್ವೀಡನ್ನಿನಲ್ಲಾದರೆ ಒಬ್ಬಳೇ ಹೋಗುತ್ತಿದ್ದೆ. ಆದರೆ ಹೀಗೆ ಕೇಳುವವರು ಅಲ್ಲಿ ಯಾರೂ ಇರಲಿಲ್ಲ.

"ಗೊತ್ತಿಲ್ಲಪ್ಪ," ಎಂದೆ. ಅವನು ಎಳನೀರು ಕೆತ್ತಿ ಕೈಗೆ ಕೊಟ್ಟ.