ಗಸಗಸೆಯ ಹಾಲು

ಆಸ್ಪತ್ರೆಯ ಕೆಲಸಕ್ಕೆಂದು ಪರದೇಶಕ್ಕೆ ಹೋಗಿ ಬ್ಯೂಮಾಂಟಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ಲಿಥುವೇನಿಯಾದ ಮುದುಕಿ. ಆ ವರ್ಷವೇ ಅವಳ ಗಂಡ ತೀರಿಕೊಂಡಿದ್ದ. ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಅವರಲ್ಲಿ ಹನ್ನೆರಡು ಬಗೆ ಅಡುಗೆ ಆಗಬೇಕು; ಮಾಂಸ, ಮೊಟ್ಟೆ, ಹಾಲು ಯಾವುದೂ ಸೋಕಬಾರದು. ಸತ್ತವರಿಗೆಂದು ಒಂದು ತಟ್ಟೆ ಇಡುತ್ತಾರೆ. ನಮ್ಮ ಎಡೆಯ ಹಾಗೇ ಎಂದು ಬಾಯಿ ಬಿಟ್ಟದ್ದೇ ತಪ್ಪಾಯಿತು, ಅವಳು ನನ್ನನ್ನು ಮನೆಯವಳೆಂದೇ ತಿಳಿದಳು.

ಕೈ ನಡುಗುತ್ತಿದ್ದುದರಿಂದ ಅವಳಿಗೆ ಅರೆಯಲಾಗುತ್ತಿರಲಿಲ್ಲ. ಹತ್ತಿರದ ಊರು ಮೇನೂತ್‌ನಲ್ಲಿದ್ದ ಅವಳ ಮಗಳು ಎಲ್ಲವನ್ನೂ ಅಂಗಡಿಯಿಂದ ತಂದರಾಯಿತು ಎನ್ನುವವಳು. ಹೀಗೆ ಗಸಗಸೆಯ ಹಾಲು ನನ್ನ ಪಾಲಿಗೆ ಬಂತು. ಹೆಸರಿಗಷ್ಟೇ ಹಾಲು, ಇರುವುದು ನೆನೆಸಿ ಅರೆದ ಗಸಗಸೆ, ನೀರು, ಜೇನು. ಎಲ್ಲವೂ ತಪ್ಪಿಲ್ಲದೆ ಆದರೆ ಆ ಸಂಜೆ ಗಂಡ ಬಂದು ಉಣ್ಣುತ್ತಾನೆಂದು ಮುದುಕಿ ನಂಬಿದ್ದಳು.

ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು, ಬೆಂಗಳೂರಿನಿಂದ ತಂದಿದ್ದ ಮಿಕ್ಸಿಯಲ್ಲಿ ನುಣ್ಣಗೆ ಅರೆದೆ. ರುಚಿ ನೋಡಿದರೆ ಸಪ್ಪೆ. ಗಸಗಸೆ ಪಾಯಸದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ. ಫ್ರಿಜ್‌ನಿಂದ ಅರ್ಧ ಲೀಟರ್ ಹಾಲು ತೆಗೆದು ಸುರಿದೆ. ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡೆ.

ಊಟಕ್ಕೆ ಕೂತಾಗ ಮುದುಕಿ ಒಂದು ಗುಟುಕು ಕುಡಿದು ಅತ್ತಳು. ಗಂಡನ ತಟ್ಟೆಯ ಪಕ್ಕದ ಬಟ್ಟಲಿಗೂ ತಾನೇ ಬಡಿಸಿದಳು, ಅರ್ಧ ಚೆಲ್ಲಿತು. ಮಗಳು ಬಾಯಿಗಿಟ್ಟವಳೇ ಲೋಟ ಕೆಳಗಿಟ್ಟಳು.

"ಅಮ್ಮ, ಇದ್ರಲ್ಲಿ ಹಸುವಿನ ಹಾಲಿದೆ."

ಮುದುಕಿ ನನ್ನ ಕಡೆ ತಿರುಗಿದಳು. "ಹಾಕಿದ್ಯಾ?"

"ಇಲ್ಲ," ಅಂದೆ. ನಾಲಿಗೆ ಚೂರೂ ತಡವರಿಸಲಿಲ್ಲ.

ಆಮೇಲಿನ ಜಗಳವೆಲ್ಲ ಅವರ ಭಾಷೆಯಲ್ಲಿ. ಮಾತು ತಿಳಿಯಲಿಲ್ಲ, ಆದರೆ ಮುದುಕಿಯ ಬೆರಳು ಮತ್ತೆ ಮತ್ತೆ ಖಾಲಿ ಕುರ್ಚಿಯತ್ತ ಹೋಗುತ್ತಿತ್ತು. ಅಪ್ಪನ ಊಟಕ್ಕೂ ಕೊಂಕು ತೆಗೆಯುತ್ತೀಯಾ ಎಂದಿರಬೇಕು. ಮಗಳು ಕೋಟು ಹಾಕಿಕೊಂಡಳು. ಬಾಗಿಲಲ್ಲಿ ನನ್ನನ್ನು ದಿಟ್ಟಿಸಿ ನೋಡಿ "ಗ್ರ್ಯಾಂಡ್" ಎಂದಷ್ಟೇ ಹೇಳಿ ಹೊರಟುಹೋದಳು; ಸರಿ ಬಿಡು ಎನ್ನುವುದಕ್ಕೆ ಅಲ್ಲಿನವರು ಆಡುವ ಮಾತು ಅದು. ನಾನು ಇನ್ನಷ್ಟು ಬೀಟ್‌ರೂಟ್ ಬಡಿಸಿಕೊಂಡೆ. ನಾಚಿಕೆಯಾಗಬೇಕಿತ್ತು, ಆದರೆ ಆಗ ಆದದ್ದು ಗೆದ್ದ ಖುಷಿ.

ಮರುದಿನ ಬೆಳಿಗ್ಗೆ ಮುದುಕಿ ತನ್ನ ತಾಯಿ ಕೈಯಾರೆ ಬರೆದಿಟ್ಟ ಅಡುಗೆಯ ಪುಸ್ತಕ ತಂದು ನನ್ನ ಮುಂದಿಟ್ಟಳು. ನನಗೆ ಅದರ ಒಂದಕ್ಷರವೂ ಓದಲು ಬಾರದು.

"ಇದು ಅವಳಿಗಲ್ಲ, ನಿಂಗೆ. ಅವಳ ಕೈಗೆ ಬರ್ಲಿಲ್ಲ, ನಿನ್ನ ಕೈಗೆ ಬಂತು. ನೀನು ಹೇಗೆ ಮಾಡ್ದೆ ಅಂತ ಕೊನೇಲಿ ಬರಿ."

ಪೆನ್ನು ತೆಗೆದುಕೊಂಡೆ. ಅವಳು ನೋಡುತ್ತ ನಿಂತಿದ್ದಳು. ಕೊನೆಯ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ದುಂಡಗೆ ಬರೆದೆ: ಗಸಗಸೆ, ನೀರು, ಜೇನು.