ಕವುಚಿಟ್ಟ ಲೋಟ

ಆ ಊರಿನ ಮಕ್ಕಳೆಲ್ಲ ಅವಳನ್ನು ಬಾಗಿಲಕ್ಕ ಎಂದು ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಬೇರೆ ಯಾವತ್ತೂ ಯಾರಿಗೂ ಬೇಕಾಗುತ್ತಿರಲಿಲ್ಲ. ಅವಳ ಕೆಲಸ ಮನೆಮನೆಗೆ ಹೋಗುವುದು. ಮಗು ಶಾಲೆ ಬಿಟ್ಟ ಮನೆ, ಹುಡುಗ ಠಾಣೆ ಕಂಡು ಬಂದ ಮನೆ, ತಾಯಿಯೋ ತಂದೆಯೋ ಹಾಸಿಗೆ ಹಿಡಿದ ಮನೆ. ಹೋಗುತ್ತಿದ್ದಳು, ಆದರೆ ಹೊಸಿಲು ದಾಟುತ್ತಿರಲಿಲ್ಲ. ದೊಡ್ಡವರು ಎಷ್ಟೇ ಕರೆದರೂ ಚೀಲ ಹಿಡಿದು ಬಾಗಿಲಲ್ಲೇ ನಿಂತಿರುತ್ತಿದ್ದಳು. ಆ ಮನೆಯ ಮಗು ತಾನಾಗಿ "ಬಾ, ಕೂತ್ಕೋ" ಅಂದ ಮೇಲೆಯೇ ಒಳಗೆ ಕಾಲಿಡುವುದು.

ಇದೇನೂ ಹುಟ್ಟುಗುಣವಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳೂ ಎಲ್ಲರ ಹಾಗೆ ಧಡಧಡ ನುಗ್ಗುತ್ತಿದ್ದವಳೇ. ಒಂದು ಮಧ್ಯಾಹ್ನ ಹಾಗೆ ನುಗ್ಗಿದಾಗ ಒಬ್ಬ ತಾಯಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಒಂದೇ ತಟ್ಟೆಯಲ್ಲಿ ಉಣ್ಣಿಸುತ್ತಿದ್ದಳು. ತಟ್ಟೆಯಲ್ಲಿದ್ದದ್ದು ಬರೀ ಅನ್ನ, ಉಪ್ಪು. ಆ ತಾಯಿ ಗಾಬರಿಯಿಂದ ತಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ಬಾಯಲ್ಲಿ ತುತ್ತಿಟ್ಟುಕೊಂಡಿದ್ದ ಮಗು ಅಗಿಯುವುದನ್ನೇ ನಿಲ್ಲಿಸಿತು. ಅವತ್ತು ಬಾಗಿಲಕ್ಕನಿಗೆ ನಾಚಿಕೆಯಿಂದ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತ್ತು.

ಮದುವೆಯಾಗಿರಲಿಲ್ಲ. ಬಟ್ಟೆ ಹೊಲಿಯುವ ಅಕ್ಕನ ಜೊತೆ ಎರಡು ಕೋಣೆಯ ಮನೆಯಲ್ಲಿ ಇದ್ದಳು. ಅಕ್ಕನ ನಾಲಿಗೆ ಅವಳ ಕತ್ತರಿಗಿಂತ ಚೂಪು. "ಊರ ಮಕ್ಕಳಿಗೆಲ್ಲ ಅಕ್ಕ ಆಗಿದ್ದೀಯ. ನಂಗೆ ತಂಗಿ ಅನ್ನೋದು ಯಾವಾಗಲಾದ್ರೂ ನೆನಪಾದ್ರೆ ಹೇಳು, ಅನ್ನಕ್ಕಿಡ್ತೀನಿ" ಎಂದು ಬಯ್ಯುತ್ತಲೇ ಅನ್ನ ಬಿಸಿಮಾಡಿ ಬಡಿಸುವವಳು.

ಇನ್ನು ಅವಳ ಕೆಲಸಕ್ಕೆ ಸೇರಿದ ಒಂದು ಸಭೆಯ ವಿಚಾರ ಹೇಳಬೇಕು. ಮೊದಲೆಲ್ಲ ಕಷ್ಟದಲ್ಲಿದ್ದ ಒಂದು ಮನೆಗೆ ಶಾಲೆಯವರು, ಆಸ್ಪತ್ರೆಯವರು, ಠಾಣೆಯವರು, ಮಕ್ಕಳ ಕಲ್ಯಾಣ ಕಚೇರಿಯವರು ಒಬ್ಬರ ಹಿಂದೆ ಒಬ್ಬರು ಹೋಗಿ ಅದದೇ ಪ್ರಶ್ನೆ ಕೇಳಿ ತಲೆ ತಿನ್ನುತ್ತಿದ್ದರು. ಒಬ್ಬ ಹೆಂಗಸು ರೋಸಿಹೋಗಿ ಕಲ್ಯಾಣ ಕಚೇರಿಯ ಸಾಹೇಬರ ಮೇಲೆ ಪಾತ್ರೆ ತೊಳೆದ ನೀರು ಎರಚಿದಳು. ಸಾಹೇಬರಿಗೆ ಜ್ಞಾನೋದಯವಾದದ್ದು ಆಗ! ಎಲ್ಲರೂ ಸೇರಿ ಮಾತಾಡಿಕೊಂಡರು: ಮನೆಗೆ ಹೋಗುವವಳು ಬಾಗಿಲಕ್ಕ ಒಬ್ಬಳೇ, ಉಳಿದವರು ವಾರಕ್ಕೊಮ್ಮೆ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸೇರಿ, ಯಾರ ಪಾಲಿನ ಕೆಲಸ ಏನು ಎಂದು ಹಂಚಿಕೊಳ್ಳುವುದು.

ಆ ಕೋಣೆಯಲ್ಲಿ ಉದ್ದದ ಮೇಜು, ಕಾಲು ಅಲ್ಲಾಡುವ ಕುರ್ಚಿಗಳು, ಆಯಾ ತಂದಿಡುವ ಟೀ. ಯಾರು ಯಾವಾಗ ಶುರುಮಾಡಿದರೋ, ಅಲ್ಲೊಂದು ಪದ್ಧತಿ ಬೆಳೆದುಬಿಟ್ಟಿತ್ತು. ಒಂದು ಮನೆಯ ವಿಷಯ ಬಂದಾಗ, ತಮ್ಮ ಪಾಲಿನ ಕೆಲಸ ಮುಗಿದವರು ಟೀ ಲೋಟವನ್ನು ಮೇಜಿನ ಮೇಲೆ ಕವುಚಿ ಇಡುತ್ತಿದ್ದರು. ಎಲ್ಲರ ಲೋಟ ಕವುಚಿದರೆ ಆ ಮನೆಯ ಕೆಲಸ ಆಯಿತು ಎಂದರ್ಥ. ಯಾರದಾದರೂ ಲೋಟ ನೆಟ್ಟಗೇ ಇದ್ದರೆ ಶಾಲೆಯ ಹೆಡ್‌ಮೇಡಂ ಕನ್ನಡಕದ ಮೇಲಿಂದ ಅವರನ್ನೇ ನೋಡುವರು. ಆ ನೋಟಕ್ಕೆ ಹೆದರಿಯೇ ಎಷ್ಟೋ ಮಕ್ಕಳ ಕೆಲಸ ಆಗಿದೆ.

ಗಾಜಿನವನ ಮನೆಯ ವಿಷಯ ಆ ಮೇಜಿಗೆ ಬಂದದ್ದು ಆಸ್ಪತ್ರೆಯ ನರ್ಸಮ್ಮನಿಂದ. ಕಿಟಕಿಗಳಿಗೆ ಗಾಜು ಕೂರಿಸುವ ಕೆಲಸದವನು. ಹೆಂಡತಿ ಚಿಕ್ಕ ಮಗಳನ್ನು ಹೆತ್ತು ತೀರಿಕೊಂಡಿದ್ದಳು. ಇಬ್ಬರು ಹೆಣ್ಣುಮಕ್ಕಳನ್ನು ಒಬ್ಬನೇ ಸಾಕಿದ್ದ. ಈಗ ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರಿದ್ದ. ಮನೆಗೆ ವಾಪಸ್ಸು ಬರುವ ಮಾತಿರಲಿಲ್ಲ.

ಬಾಗಿಲಕ್ಕ ಮೊದಲ ಸಲ ಆ ಮನೆಗೆ ಹೋದಾಗ ಬಾಗಿಲು ತೆರೆದವಳು ದೊಡ್ಡವಳು, ಹೈಸ್ಕೂಲಿನ ಹುಡುಗಿ. ಕೈಯಲ್ಲಿ ಪೊರಕೆ ಇತ್ತು, ಮುಖದಲ್ಲಿ ನಿದ್ದೆ ಇಲ್ಲದ ದಣಿವಿತ್ತು. "ಬನ್ನಿ" ಅಂದಳು. ಬಾಗಿಲಕ್ಕ ಕದಲಲಿಲ್ಲ. ಆಗ ಅವಳ ಹಿಂದಿನಿಂದ ಒಂದು ಪುಟ್ಟ ತಲೆ ಇಣುಕಿತು.

"ಯಾಕೆ ನಿಂತಿದ್ದೀಯ? ಕಾಲು ನೋಯಲ್ವಾ? ಬಾ, ಕೂತ್ಕೋ. ಆ ಕುರ್ಚಿ ಬೇಡ, ಅದು ಅಪ್ಪಂದು."

ಅಷ್ಟು ಬೇಗ ಯಾವ ಮಗುವೂ ಅವಳನ್ನು ಒಳಗೆ ಕರೆದಿರಲಿಲ್ಲ. ಚಿಕ್ಕವಳು ಅವತ್ತೇ ಅವಳ ಮಡಿಲೇರಿ, ತನ್ನ ಬಿದ್ದ ಹಲ್ಲನ್ನು ತೋರಿಸಿ, ಅಕ್ಕನ ಮೇಲೆ ಚಾಡಿ ಹೇಳಿ, ಅಕ್ಕನ ದುಪಟ್ಟಾ ಹಿಡಿದು ಮಲಗುವ ಹಾಗೆ ಬಾಗಿಲಕ್ಕನ ಸೆರಗಿನ ತುದಿ ಹಿಡಿದುಕೊಂಡೇ ನಿದ್ದೆ ಹೋದಳು. "ಇವಳು ಹಿಂಗೇ. ಹಿಡ್ಕೊಂಡ್ರೆ ಬಿಡಲ್ಲ" ಎಂದು ದೊಡ್ಡವಳು ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು.

ಆಸ್ಪತ್ರೆಯಲ್ಲಿ ಗಾಜಿನವನು ಮಂಚದ ಪಕ್ಕದ ಕಿಟಕಿ ನೋಡುತ್ತಾ ಮಲಗಿದ್ದ. "ನೋಡಿ ಅಕ್ಕಾ, ಯಾವನೋ ಬೇಕಾಬಿಟ್ಟಿ ಕೂರಿಸಿ ಹೋಗಿದ್ದಾನೆ. ಗಾಳಿ ಬಂದ್ರೆ ಗಡಗಡ ಅನ್ನುತ್ತೆ. ಸಾಯೋ ಮುಂಚೆ ಇದೊಂದು ಸರಿಮಾಡಿ ಹೋಗೋಣ ಅಂದ್ರೆ ಏಳೋಕಾಗಲ್ಲ" ಎಂದ. ಆಮೇಲೆ ಉಸಿರು ಸುಧಾರಿಸಿಕೊಂಡು, ಕೇಳಬೇಕಾದದ್ದನ್ನು ಕೇಳಿದ. "ಇಬ್ರನ್ನೂ ಬೇರೆ ಮಾಡಬೇಡಿ. ಎಲ್ಲಾದ್ರೂ ಇರಲಿ, ಏನಾದ್ರೂ ತಿನ್ನಲಿ, ಒಂದೇ ಸೂರಿನಡಿ ಇರಲಿ. ಅಷ್ಟು ಮಾಡ್ತೀರಾ?"

"ಮಾಡ್ತೀನಿ" ಅಂದುಬಿಟ್ಟಳು. ಇಷ್ಟು ವರ್ಷದಲ್ಲಿ ಯಾರಿಗೂ ಅವಳು ಮಾತು ಕೊಟ್ಟವಳಲ್ಲ. ನೋಡೋಣ, ಪ್ರಯತ್ನ ಮಾಡೋಣ ಅನ್ನುವುದೇ ಅವಳ ರೂಢಿ.

ಮಾತು ಕೊಟ್ಟಷ್ಟು ಸುಲಭವಿರಲಿಲ್ಲ ಕೆಲಸ. ದೊಡ್ಡ ಹುಡುಗಿಯರ ಹಾಸ್ಟೆಲಿನಲ್ಲಿ ಚಿಕ್ಕವರಿಗೆ ಜಾಗವಿಲ್ಲ. ಚಿಕ್ಕ ಮಕ್ಕಳ ಆಶ್ರಮದಲ್ಲಿ ದೊಡ್ಡವರಿಗೆ ಜಾಗವಿಲ್ಲ. ಎರಡೂ ಬೇರೆ ಬೇರೆ ಊರಲ್ಲಿ ಬೇರೆ. ಅಕ್ಕತಂಗಿಯರು ಒಟ್ಟಿಗೆ ಹುಟ್ಟುವುದಿಲ್ಲ ಅನ್ನುವುದು ಈ ನಿಯಮ ಮಾಡಿದವರಿಗೆ ಹೊಳೆಯಲೇ ಇಲ್ಲವೋ ಏನೋ. ಉಳಿದದ್ದು ಒಂದೇ ದಾರಿ: ಯಾವುದಾದರೂ ಕುಟುಂಬ ಇಬ್ಬರನ್ನೂ ಇಟ್ಟುಕೊಳ್ಳಬೇಕು.

ಅಂಥ ಮನೆ ಸಿಕ್ಕಿತು. ಶಾಲೆಯ ಎದುರಿನ ಬೇಕರಿಯವನು, ಅವನ ಹೆಂಡತಿ. ಮಕ್ಕಳಿಲ್ಲ. ಗಾಜಿನವನು ಅವರ ಅಂಗಡಿಯ ಗಾಜಿನ ಪೆಟ್ಟಿಗೆ ಮಾಡಿಕೊಟ್ಟವನು. "ಇಬ್ರೂ ಬರಲಿ. ಒಬ್ಬಳನ್ನ ಕರ್ಕೊಂಡು ಇನ್ನೊಬ್ಬಳನ್ನ ಬಿಟ್ರೆ ನಮಗೆ ಊಟ ಸೇರುತ್ತಾ?" ಅಂದಳು ಬೇಕರಿಯಮ್ಮ.

ಆಮೇಲೆ ಆ ಮೇಜಿನ ಸುತ್ತ ಕೂತವರು ನಿಜಕ್ಕೂ ಕಾಲಿಗೆ ಚಕ್ರ ಕಟ್ಟಿಕೊಂಡು ಓಡಾಡಿದರು. ಸುಳ್ಳು ಯಾಕೆ ಹೇಳಬೇಕು, ಕಚೇರಿಗಳನ್ನು ಬಯ್ಯುವುದು ನನಗೂ ಇಷ್ಟ, ಆದರೆ ಆ ದಿನಗಳಲ್ಲಿ ಅವರಲ್ಲಿ ಬಯ್ಯುವಂಥವರು ಒಬ್ಬರೂ ಇರಲಿಲ್ಲ. ಹೆಡ್‌ಮೇಡಂ ಶಾಲೆಯ ಕೆಲಸ ಮುಗಿಸಿದರು, ನರ್ಸಮ್ಮ ಆರೋಗ್ಯದ್ದು, ಸಾಹೇಬರು ಕಚೇರಿಯದ್ದು. ಉಳಿದದ್ದು ಠಾಣೆಯ ಕೆಲಸ. ಮಕ್ಕಳನ್ನು ಇಟ್ಟುಕೊಳ್ಳುವ ಮನೆಯಲ್ಲಿ ಯಾರ್‍ಯಾರಿದ್ದಾರೆ, ಯಾರ ಮೇಲಾದರೂ ಕೇಸಿದೆಯೇ ಎಂದು ಪೊಲೀಸರು ವಿಚಾರಿಸಬೇಕು. ಸಭೆಗೆ ಯಾವಾಗಲೂ ಬರುತ್ತಿದ್ದ ಮಹಿಳಾ ಪೇದೆ ಹೆರಿಗೆ ರಜೆಯ ಮೇಲೆ ಹೋಗಿದ್ದಳು. ಅವಳ ಬದಲು ಆ ವಾರ ಬಂದವರು ವಯಸ್ಸಾದ ಒಬ್ಬ ಹೆಡ್ ಕಾನ್‌ಸ್ಟೇಬಲ್. ಅವರಿಗೆ ಆ ಕೋಣೆಯೂ ಹೊಸದು, ಪದ್ಧತಿಯೂ ಹೊಸದು.

ಸಭೆಯ ದಿನ ಬೆಳಿಗ್ಗೆಯೇ ನರ್ಸಮ್ಮ ಬಾಗಿಲಕ್ಕನ ಕಿವಿಯಲ್ಲಿ ಹೇಳಿದ್ದಳು: "ಇವತ್ತು ದಾಟೋದು ಕಷ್ಟ. ಮಕ್ಕಳದು ಏನಾಯ್ತು, ಏನಾಯ್ತು ಅಂತ ಕೇಳ್ತಾನೇ ಇದ್ದಾರೆ."

ಮೇಜಿನ ಮೇಲೆ ಎಲ್ಲರ ಲೋಟ ಒಂದೊಂದಾಗಿ ಕವುಚಿದವು. ಹೆಡ್ ಕಾನ್‌ಸ್ಟೇಬಲ್ ತಡವಾಗಿ ಬಂದು ಕೂತರು. ಆಯಾ ಟೀ ಬಗ್ಗಿಸಿದಳು. "ಬೇಡಮ್ಮ, ಎದೆಯುರಿ" ಎಂದು ಮೆಲ್ಲಗೆ ಹೇಳಿ, ದಾಕ್ಷಿಣ್ಯಕ್ಕೆ ಅರ್ಧ ಕುಡಿದರು. ಆಯಾ ಮತ್ತೆ ಕೆಟಲ್ ಹಿಡಿದು ಬರುವುದನ್ನು ಕಂಡು, ಉಳಿದದ್ದನ್ನು ಗಟಗಟ ಕುಡಿದು, ಲೋಟವನ್ನು ಟಪ್ಪನೆ ಕವುಚಿ ಇಟ್ಟರು.

"ಅಬ್ಬ! ಎಲ್ಲ ಆಯ್ತಲ್ಲ!" ಎಂದು ಹೆಡ್‌ಮೇಡಂ ಚಪ್ಪಾಳೆ ತಟ್ಟಿದರು. ಸಾಹೇಬರ ಮುಖ ಅರಳಿತು. ಹೆಡ್ ಕಾನ್‌ಸ್ಟೇಬಲ್ ಏನೆಂದು ತಿಳಿಯದೆ ತಾವೂ ನಕ್ಕರು.

ಬಾಗಿಲಕ್ಕ ಅವರ ಪಕ್ಕದಲ್ಲೇ ಕೂತಿದ್ದಳು. ಎದೆಯುರಿಯ ಮಾತು ಅವಳಿಗೆ ಕೇಳಿಸಿತ್ತು. ಅಂಗೈಯಿಂದ ಅವರು ಎದೆ ನೀವಿಕೊಳ್ಳುವುದನ್ನೂ ನೋಡಿದ್ದಳು. ಆ ಲೋಟ ಕವುಚಿದ್ದು ಟೀ ಸಾಕು ಎಂದು, ಕೆಲಸ ಮುಗಿಯಿತು ಎಂದಲ್ಲ. ಇದು ಅವಳಿಗೆ ಗೊತ್ತಿತ್ತು. "ಸಾರ್, ಬೇಕರಿ ಮನೆ ವಿಚಾರಿಸಿದ್ರಾ?" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೇಳಿದರೆ ಇಲ್ಲ ಅನ್ನುತ್ತಾರೆ. ಇಲ್ಲ ಅಂದರೆ ಇನ್ನೊಂದು ವಾರ. ಅಲ್ಲಿ ಆ ಮನುಷ್ಯನಿಗೆ ಇನ್ನೊಂದು ದಿನವೇ ಇಲ್ಲ. ಹೇಗೂ ಒಳ್ಳೆಯ ಮನೆ, ನಾಳೆ ತಾನೇ ಠಾಣೆಗೆ ಹೋಗಿ ನೆನಪು ಮಾಡಿದರಾಯಿತು. ಹೀಗೆಂದುಕೊಂಡು ಚೀಲ ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು.

"ಆಯ್ತು ಅಣ್ಣಾ. ಇಬ್ರೂ ಒಂದೇ ಮನೇಲಿ."

ಗಾಜಿನವನ ಮುಖದಲ್ಲಿ ಹೊಟ್ಟೆಗೆ ಹಾಲು ಹೊಯ್ದಂಥ ಸಮಾಧಾನ ಬಂತು. ಮಂಚದ ಬುಡದಲ್ಲಿ ಅಕ್ಕನ ಜೊತೆ ಕೂತಿದ್ದ ಚಿಕ್ಕವಳನ್ನು ಹತ್ತಿರ ಕರೆದು, "ಕೇಳಿದ್ಯಾ? ಬಾಗಿಲಕ್ಕ ಹೇಳಿದ್ಳು. ಅಕ್ಕನ ಹತ್ರಾನೇ ಇರ್ತೀಯಂತೆ" ಅಂದ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವನ ಉಸಿರು ನಿಂತಿತು.

ಮರುದಿನ ಅಂತ್ಯಕ್ರಿಯೆ. ಅದರ ಮರುದಿನ ಮಕ್ಕಳ ಗಂಟುಮೂಟೆ. ಠಾಣೆಗೆ ಹೋಗುವುದು ಮುಂದಕ್ಕೆ ಹೋಯಿತು. ಆಮೇಲೆ ಬೇಕರಿಯ ಮನೆಯಲ್ಲಿ ಮಕ್ಕಳು ಹೊಂದಿಕೊಂಡದ್ದನ್ನು ನೋಡಿ ಅವಳಿಗೆ ಅದು ಮರೆತೇ ಹೋಯಿತು. ಮರೆತಳೋ, ಮರೆಯಬೇಕೆಂದು ಮರೆತಳೋ, ಅವಳಿಗೇ ಗೊತ್ತು. ದೊಡ್ಡವಳು ಕೇಕಿನ ಮೇಲೆ ಕೆನೆಯ ಹೂ ಬಿಡಿಸಲು ಕಲಿತಳು. ಚಿಕ್ಕವಳು ಮೂಗಿಗೆಲ್ಲ ಮೈದಾ ಮೆತ್ತಿಕೊಂಡು ಅಂಗಡಿಗೆ ಬಂದವರಿಗೆಲ್ಲ "ಬಾ, ಕೂತ್ಕೋ" ಅನ್ನುತ್ತಿದ್ದಳು. ಅಲ್ಲಿ ಕೂರಲು ಒಂದು ಸ್ಟೂಲೂ ಇರಲಿಲ್ಲ.

ಹೀಗಿರುವಾಗ ಒಂದು ದಿನ ಮೇಲಿನ ಕಚೇರಿಯಿಂದ ತಪಾಸಣೆಗೆ ಬಂದವರು ಮೊದಲು ಕೇಳಿದ್ದೇ ಅದು: ಪೊಲೀಸ್ ವಿಚಾರಣೆ ಎಲ್ಲಿ? ಹುಡುಕಿದರೆ ಎಲ್ಲಿಯೂ ಇಲ್ಲ. ತರಾತುರಿಯಲ್ಲಿ ಮಾಡಿಸಿದರೆ, ಬೇಕರಿಯಮ್ಮನ ತಮ್ಮನೊಬ್ಬ ಹಿಂದೊಮ್ಮೆ ಹೊಡೆದಾಟದಲ್ಲಿ ಜೈಲಿಗೆ ಹೋಗಿಬಂದವನು, ಠಾಣೆಯ ಕಾಗದದಲ್ಲಿ ಅವನ ವಿಳಾಸ ಇನ್ನೂ ಅದೇ ಮನೆಯದ್ದು. ಅವನು ಊರು ಬಿಟ್ಟು ಯಾವ ಕಾಲವಾಗಿತ್ತೋ. "ಮೊದಲೇ ಕೇಳಿದ್ರೆ ವಿಳಾಸ ಬದಲಾಯಿಸಿ ಒಪ್ಪಿಗೆ ಕೊಡ್ತಿದ್ವಿ, ಒಂದಿಷ್ಟು ದಿನದ ಕೆಲಸ. ಹೀಗೆ ಹೇಳದೆ ಕೇಳದೆ ಮಕ್ಕಳನ್ನ ಇಟ್ಟುಕೊಂಡ ಮನೆಗೆ ಇನ್ನು ಮಕ್ಕಳನ್ನ ಕೊಡೋ ಹಾಗಿಲ್ಲ" ಎಂದರು ತಪಾಸಣೆಯವರು. ಹೆಡ್‌ಮೇಡಂ ಗೋಗರೆದರು. ಸಾಹೇಬರು ಮೇಲಿನ ಕಚೇರಿಯ ಬಾಗಿಲು ಕಾದು ಚಪ್ಪಲಿ ಸವೆಸಿದರು. ಏನೂ ನಡೆಯಲಿಲ್ಲ.

ಎರಡು ಗಾಡಿ ಬಂದವು, ಎರಡು ದಿಕ್ಕಿಗೆ. ಚಿಕ್ಕವಳು ಅಕ್ಕನ ದುಪಟ್ಟಾ ಬಿಡಲಿಲ್ಲ. ಕೊನೆಗೆ ದೊಡ್ಡವಳೇ ದುಪಟ್ಟಾ ತೆಗೆದು ತಂಗಿಯ ಕೈಗೆ ಕೊಟ್ಟು ಗಾಡಿ ಹತ್ತಿದಳು. ಬೇಕರಿಯವನು ಅವತ್ತು ಬೆಳಗಿನ ಬ್ರೆಡ್ಡನ್ನೆಲ್ಲ ಕರಕಲು ಮಾಡಿದ.

ಮುಂದಿನ ಸಭೆಯಲ್ಲಿ ಎಲ್ಲರೂ ಹೆಡ್ ಕಾನ್‌ಸ್ಟೇಬಲ್ ಮೇಲೆ ಹರಿಹಾಯ್ದರು. ಆ ಬಡಪಾಯಿ ಕಣ್ಣಲ್ಲಿ ನೀರು ತಂದುಕೊಂಡು, "ನಂಗೆ ಯಾರೂ ಹೇಳಲಿಲ್ಲ, ಟೀ ಬೇಡ ಅಂತ ಕವುಚಿದೆ" ಎಂದರು. ಬಾಗಿಲಕ್ಕ ಎದ್ದು ನಿಂತು, "ನಂಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಲಿಲ್ಲ" ಅಂದಳು.

ಯಾರೂ ಅವಳನ್ನು ಬಯ್ಯಲಿಲ್ಲ. ಬಯ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಹೆಡ್‌ಮೇಡಂ, "ನೀನು ಕೇಳದಿದ್ರೆ ನಮಗೇನಾಗಿತ್ತು? ನಮಗೂ ಬಾಯಿತ್ತಲ್ಲ" ಎಂದು ಕನ್ನಡಕ ತೆಗೆದು ಒರೆಸಿಕೊಂಡರು. ಅವತ್ತಿನಿಂದ ಆ ಮೇಜಿನ ಮೇಲೆ ಯಾರೂ ಲೋಟ ಕವುಚುವುದಿಲ್ಲ. ಬಾಯಿಬಿಟ್ಟು ಕೇಳುತ್ತಾರೆ, ಬಾಯಿಬಿಟ್ಟು ಹೇಳುತ್ತಾರೆ. ಆಮೇಲೆ ಬಂದ ಎಷ್ಟೋ ಮಕ್ಕಳಿಗೆ ಅದರಿಂದ ಒಳ್ಳೆಯದಾಗಿದೆ. ಈ ಇಬ್ಬರಿಗೆ ಆಗಲಿಲ್ಲ.

ಬಾಗಿಲಕ್ಕ ಹಾಸ್ಟೆಲಿಗೆ ಹೋಗಿ ನಡೆದದ್ದನ್ನು ಹೇಳಿದಾಗ ದೊಡ್ಡವಳು ಎಲ್ಲ ಕೇಳಿಸಿಕೊಂಡು, "ಬಿಡಿ ಅಕ್ಕಾ, ಅಪ್ಪ ನೆಮ್ಮದಿಯಾಗಿ ಹೋದ್ರಲ್ಲ" ಎಂದಳು. ಆ ಮಾತು ಕೇಳಿ ಬಂದ ದಿನ ಬಾಗಿಲಕ್ಕ ಊಟ ಮಾಡಲಿಲ್ಲ. ಹೊಲಿಗೆಯ ಅಕ್ಕ ಮೊದಲ ಸಲ ಏನೂ ಬಯ್ಯದೆ ಅವಳ ತಲೆಗೆ ಎಣ್ಣೆ ಹಚ್ಚುತ್ತಾ ಕೂತಳು.

ಚಿಕ್ಕವಳ ಆಶ್ರಮದಲ್ಲಿ ಬಂದವರು ಕೂರಲು ಒಂದು ಕೋಣೆ ಇದೆ. ಕಿಟಕಿಯ ಕೆಳಗೆ ಎರಡು ಕುರ್ಚಿ. ಬಾಗಿಲಕ್ಕ ಬೇಕರಿಯವನು ಕೊಟ್ಟ ಬನ್ನಿನ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಳು. ಚಿಕ್ಕವಳು ಒಂದು ಕುರ್ಚಿಯಲ್ಲಿ ಕೂತಿದ್ದಳು, ಮಡಿಲಲ್ಲಿ ಅಕ್ಕನ ದುಪಟ್ಟಾ. ಅಲ್ಲಿನ ಮೇಲ್ವಿಚಾರಕಿ, "ಒಳಗೆ ಬನ್ನಿ ಮೇಡಂ, ಕೂತ್ಕೊಳ್ಳಿ" ಎಂದಳು.

"ಇರಲಿ, ಅವಳು ಕರೀಲಿ."

ಚಿಕ್ಕವಳು ಕರೆಯಲಿಲ್ಲ. ಅವಳನ್ನೇ ನೋಡುತ್ತಾ ಕೇಳಿದಳು: "ಅವತ್ತು ಅಪ್ಪಂಗೆ ಸುಳ್ಳು ಹೇಳಿದ್ಯಾ?"

"ಇಲ್ಲ ಮರಿ. ಅವತ್ತು ಅದು ನಿಜ ಆಗಲಿ ಅಂತಲೇ ಹೇಳಿದ್ದು."

ಮಗು ಯೋಚಿಸಿತು. "ಹಾಗಾದ್ರೆ ಅಪ್ಪಂಗೆ ನಿಜ, ನಂಗೆ ಸುಳ್ಳು" ಅಂತು. ಅದರಲ್ಲಿ ಸಿಟ್ಟಿರಲಿಲ್ಲ. ಕುರ್ಚಿಯಿಂದ ಇಳಿದು, ದುಪಟ್ಟಾ ಎಳೆದುಕೊಂಡು ಒಳಬಾಗಿಲಿನಿಂದ ಹೋಯಿತು.

ಬನ್ನಿನ ಪೊಟ್ಟಣವನ್ನು ಮೇಲ್ವಿಚಾರಕಿಯ ಕೈಗೆ ಕೊಟ್ಟು ಬಾಗಿಲಕ್ಕ ಬಸ್ಸಿಗೆ ಬಂದಳು. ಮುಂದಿನ ತಿಂಗಳೂ ಹೋದಳು. ಅದರ ಮುಂದಿನ ತಿಂಗಳೂ ಹೋದಳು. ಚಿಕ್ಕವಳು ಬಂದು ಕುರ್ಚಿಯಲ್ಲಿ ಕೂರುತ್ತಾಳೆ, ಶಾಲೆಯ ಮಾತು ಹೇಳುತ್ತಾಳೆ, ಅಕ್ಕ ಹೇಗಿದ್ದಾಳೆ ಎಂದು ಕೇಳುತ್ತಾಳೆ, ಬನ್ನು ತಿನ್ನುತ್ತಾಳೆ. ಪಕ್ಕದ ಕುರ್ಚಿ ಖಾಲಿ ಇರುತ್ತದೆ. ಬಾಗಿಲಕ್ಕ ಹೊಸಿಲಿನ ಆಚೆಯೇ ನಿಂತು ಉತ್ತರ ಕೊಡುತ್ತಾಳೆ. ಕಾಲು ನೋಯಲ್ವಾ ಎಂದು ಆ ಮಗು ಇನ್ನೂ ಕೇಳಿಲ್ಲ.